ಬೇಡದ ಯುದ್ಧ ನಡೆಯುತ್ತಿರುವಾಗ ಮತದಾರರ ಮನಸ್ಸು ಬದಲಿಸುವುದು ಹೇಗೆ?

ಓದುಗರು ಮತ್ತೆ ಮತ್ತೆ ಕೇಳುವ ಪ್ರಶ್ನೆ ಇದು: "ಈ ಯುದ್ಧ ಸಾಕು ಅಂತ ಎಲ್ಲರೂ ಗೊಣಗುತ್ತಾರೆ. ಆದರೆ ಚುನಾವಣೆ ಬಂದರೆ ಯುದ್ಧ ನಡೆಸುತ್ತಿರುವವರಿಗೇ ವೋಟು ಬೀಳುತ್ತದೆ. ನಾವು ಆರೇಳು ಜನ ಸೇರಿ ಏನಾದರೂ ಮಾಡೋಕೆ ಆಗುತ್ತಾ?"

ಆಗುತ್ತದೆ. ಆದರೆ ಹೆಚ್ಚಿನ ಗುಂಪುಗಳು ತಪ್ಪು ಜಾಗದಿಂದ ಶುರು ಮಾಡುತ್ತವೆ. ಮೊದಲು ಬ್ಯಾನರ್, ಆಮೇಲೆ ಮೆರವಣಿಗೆ, ಪುರುಸೊತ್ತು ಸಿಕ್ಕರೆ ಮತದಾರರು. ಈ ಕ್ರಮವನ್ನು ಉಲ್ಟಾ ಮಾಡಿ. ಗೊಣಗುವ ಮನುಷ್ಯ ವೋಟು ಬದಲಿಸಬೇಕಾದರೆ ಅವನಿಗೆ ಎರಡು ಬೇಕು. ತನ್ನಂಥವರೇ ಯಾರೋ "ನನಗೂ ಹಾಗೇ ಅನಿಸುತ್ತಿದೆ" ಎಂದು ಹೇಳಬೇಕು. ಆ ಅನಿಸಿಕೆಯನ್ನು ಹಾಕಲು ಮತಪತ್ರದಲ್ಲಿ ಒಂದು ಜಾಗ ಇರಬೇಕು. ಕೆಳಗಿನ ಹಂತಗಳೆಲ್ಲ ಈ ಎರಡಕ್ಕಾಗಿ.

ಕಾನೂನಿನೊಳಗೆ, ಹಿಂಸೆ ಇಲ್ಲದೆ ಕೆಲಸ ಮಾಡುವ ಸಣ್ಣ ಗುಂಪುಗಳಿಗಾಗಿ ಬರೆದದ್ದು ಇದು. ಉದಾಹರಣೆಗಳು ಹೆಚ್ಚಾಗಿ ಅಮೆರಿಕದವು. ವಿಯೆಟ್ನಾಂ ಮತ್ತು ಇರಾಕ್ ಯುದ್ಧಗಳ ಕಾಲದಲ್ಲಿ ಅಲ್ಲಿ ಜನರ ಅಭಿಪ್ರಾಯವನ್ನು ವರ್ಷ ವರ್ಷವೂ ಅಳೆದು ಇಟ್ಟಿದ್ದಾರೆ, ಅದಕ್ಕೆ.

ಮೊದಲು ಗೊತ್ತಿರಬೇಕಾದ್ದು

ಯುದ್ಧ ಶುರುವಾದಾಗ ಜನ ಸರ್ಕಾರದ ಹಿಂದೆ ನಿಲ್ಲುತ್ತಾರೆ. ಇದಕ್ಕೆ ರಾಜ್ಯಶಾಸ್ತ್ರದವರು 'ಧ್ವಜದ ಸುತ್ತ ಸೇರುವುದು' ಎನ್ನುತ್ತಾರೆ. ಅಮೆರಿಕದ ಜಾನ್ ಮುಲ್ಲರ್ 1970ರಲ್ಲಿ ಇದನ್ನು ಅಧ್ಯಯನ ಮಾಡಿ ಬರೆದ ಮೇಲೆ ಈ ಮಾತು ಬಳಕೆಗೆ ಬಂತು. ಆ ಅಲೆ ಇರುವಾಗ ನೀವು ಎಷ್ಟು ಕೂಗಿದರೂ ಪ್ರಯೋಜನ ಕಡಿಮೆ. ಸಾವಿನ ಸುದ್ದಿಗಳು ಬರುತ್ತಾ ಹೋದಂತೆ, "ಇನ್ನು ಸ್ವಲ್ಪ ದಿನ ಅಷ್ಟೇ" ಎಂಬ ಭರವಸೆ ಹುಸಿಯಾಗುತ್ತಾ ಹೋದಂತೆ ಅಲೆ ಇಳಿಯುತ್ತದೆ.

ಎಷ್ಟು ನಿಧಾನ ಅಂತ ನೋಡಿ. ವಿಯೆಟ್ನಾಂಗೆ ಸೈನ್ಯ ಕಳಿಸಿದ್ದು ತಪ್ಪೇ ಎಂದು ಗ್ಯಾಲಪ್ ಸಂಸ್ಥೆ ಕೇಳುತ್ತಾ ಬಂತು. 1965ರ ಆಗಸ್ಟ್‌ನಲ್ಲಿ ತಪ್ಪು ಎಂದವರು ಶೇ. 24. 1968ರ ಆಗಸ್ಟ್‌ನಲ್ಲಿ ಶೇ. 53. 1971ರ ಮೇ ತಿಂಗಳಲ್ಲಿ ಶೇ. 61. ಅರ್ಧ ದಾಟಲು ಮೂರು ವರ್ಷ ಬೇಕಾಯಿತು. ಹಾಗಾಗಿ ಆರು ತಿಂಗಳಲ್ಲಿ ಊರನ್ನೇ ತಿರುಗಿಸುತ್ತೇವೆ ಎಂದು ಹೊರಟ ಗುಂಪು ಏಳನೇ ತಿಂಗಳಿಗೆ ಒಡೆಯುತ್ತದೆ.

ಇನ್ನೊಂದು ವಿಷಯ. "ಯುದ್ಧ ಸರಿಯಾಗಿ ನಡೆಯುತ್ತಿಲ್ಲ" ಎನ್ನುವವರೆಲ್ಲ ನಿಮ್ಮ ಕಡೆಯವರಲ್ಲ. 1968ರ ಮಾರ್ಚ್ 12ರಂದು ನ್ಯೂ ಹ್ಯಾಂಪ್‌ಶೈರ್‌ನ ಪ್ರೈಮರಿ ನಡೆಯಿತು. ಪ್ರೈಮರಿ ಎಂದರೆ ಪಕ್ಷದ ಅಭ್ಯರ್ಥಿ ಯಾರಾಗಬೇಕೆಂದು ಮತದಾರರೇ ಆರಿಸುವ ಒಳಚುನಾವಣೆ. ಯುದ್ಧ ವಿರೋಧಿ ಯೂಜೀನ್ ಮೆಕಾರ್ಥಿ ಹಾಲಿ ಅಧ್ಯಕ್ಷ ಜಾನ್ಸನ್ ಎದುರು ಸುಮಾರು ಶೇ. 42 ಮತ ಪಡೆದರು. ಜಾನ್ಸನ್‌ಗೆ ಸುಮಾರು ಶೇ. 49. ಗೆದ್ದದ್ದು ಜಾನ್ಸನ್, ಆದರೆ ಆ ತಿಂಗಳು ಮುಗಿಯುವಷ್ಟರಲ್ಲಿ, ಮಾರ್ಚ್ 31ರಂದು, ತಾನು ಮತ್ತೆ ನಿಲ್ಲುವುದಿಲ್ಲ ಎಂದುಬಿಟ್ಟರು. ಆಮೇಲೆ ಸಂಶೋಧಕರು ಮತದಾರರನ್ನು ಕೇಳಿ ನೋಡಿದರೆ, ಮೆಕಾರ್ಥಿಗೆ ವೋಟು ಹಾಕಿದವರಲ್ಲಿ ಬಹಳ ಜನರ ಸಿಟ್ಟು ಬೇರೆಯೇ ಇತ್ತು. ಜಾನ್ಸನ್ ಇನ್ನೂ ಜೋರಾಗಿ ಹೊಡೆಯುತ್ತಿಲ್ಲ ಎಂಬುದು ಅವರ ದೂರು! ಸಮೀಕ್ಷೆಯ ಅಂಕಿ ನೋಡಿ "ಜನ ನಮ್ಮ ಜೊತೆ ಇದ್ದಾರೆ" ಅಂದುಕೊಳ್ಳುವ ಮೊದಲು ಇದು ನೆನಪಿರಲಿ.

ಏನೇನು ಬೇಕು

ಐದರಿಂದ ಹತ್ತು ಜನ. ನಿಮ್ಮ ಪ್ರದೇಶದ ಮತದಾರರ ಪಟ್ಟಿ. ಚುನಾವಣೆಯ ಕ್ಯಾಲೆಂಡರ್. ಬೀದಿಗಳ ನಕ್ಷೆ, ನೋಟ್ ಪುಸ್ತಕ, ಪೆನ್ನು. ಸಾಧ್ಯವಾದರೆ ಸೈನಿಕರ ಮನೆಯಿಂದ ಬಂದ ಒಬ್ಬರಾದರೂ ಗುಂಪಿನಲ್ಲಿರಲಿ. ಯಾಕೆ ಅಂತ ಮುಂದೆ ಹೇಳುತ್ತೇನೆ.

ಇದೆಲ್ಲಕ್ಕಿಂತ ಮೊದಲು ಒಬ್ಬ ವಕೀಲರ ಜೊತೆ ಒಂದು ಗಂಟೆ ಕೂತು ಮಾತಾಡಿ. ಯುದ್ಧದ ಸಮಯದಲ್ಲಿ ಮಾತಿನ ಮೇಲಿನ ಕಾನೂನುಗಳು ಬಿಗಿಯಾಗುತ್ತವೆ. ಮೊದಲ ಮಹಾಯುದ್ಧದಲ್ಲಿ, 1918ರ ಜೂನ್‌ನಲ್ಲಿ, ಅಮೆರಿಕದ ಸಮಾಜವಾದಿ ನಾಯಕ ಯೂಜೀನ್ ಡೆಬ್ಸ್ ಒಹಾಯೋದ ಕ್ಯಾಂಟನ್‌ನಲ್ಲಿ ಮಾಡಿದ ಒಂದು ಭಾಷಣಕ್ಕೆ 10 ವರ್ಷ ಜೈಲು ಶಿಕ್ಷೆ ಆಯಿತು. ಸಭೆಗೆ ಅನುಮತಿ ಬೇಕೇ, ಕರಪತ್ರದಲ್ಲಿ ಮುದ್ರಕರ ಹೆಸರು ಹಾಕಬೇಕೇ, ಚಂದಾ ಲೆಕ್ಕ ಯಾರಿಗೆ ಕೊಡಬೇಕು, ಪ್ರಚಾರ ಯಾವತ್ತು ನಿಲ್ಲಿಸಬೇಕು: ಈ ನಾಲ್ಕಕ್ಕೂ ಉತ್ತರವನ್ನು ಒಂದು ಹಾಳೆಯಲ್ಲಿ ಬರೆದು ಎಲ್ಲರಿಗೂ ಕೊಡಿ. ಸೈನಿಕರಿಗೆ "ಆಜ್ಞೆ ಪಾಲಿಸಬೇಡಿ" ಎನ್ನುವುದು ಹಲವು ದೇಶಗಳಲ್ಲಿ ಅಪರಾಧ. ನಿಮ್ಮ ಮಾತು ಮತದಾರರ ಜೊತೆಗೆ ಮಾತ್ರ ಇರಲಿ.

1. ಒಂದೇ ಒಂದು ಬೇಡಿಕೆ ಬರೆಯಿರಿ

"ಶಾಂತಿ ಬೇಕು" ಬೇಡಿಕೆ ಅಲ್ಲ. ಯುದ್ಧ ಮಾಡಿಸುವವರೂ ಅದನ್ನೇ ಹೇಳುತ್ತಾರೆ. "ಇಂಥ ತಿಂಗಳೊಳಗೆ ಸೈನ್ಯ ವಾಪಸ್ ಕರೆಸುವ ವೇಳಾಪಟ್ಟಿ ಪ್ರಕಟಿಸಿ", "ಹೆಚ್ಚುವರಿ ಹಣಕ್ಕೆ ಒಪ್ಪಿಗೆ ಕೊಡಬೇಡಿ", "ಕದನವಿರಾಮದ ಮಾತುಕತೆಗೆ ಕೂತುಕೊಳ್ಳಿ". ಇವು ಬೇಡಿಕೆಗಳು. ಹೌದು ಅಥವಾ ಇಲ್ಲ ಎಂದು ಅಭ್ಯರ್ಥಿ ಉತ್ತರ ಕೊಡುವಂತಿರಬೇಕು.

ಇಲ್ಲಿ ಗುಂಪುಗಳು ಜಾರುವುದು ಪಟ್ಟಿ ಬೆಳೆಸುವುದರಲ್ಲಿ. ಯುದ್ಧದ ಜೊತೆ ತೆರಿಗೆ, ಪರಿಸರ, ಶಾಲೆ, ಹಳೆಯ ಸಿಟ್ಟು ಎಲ್ಲ ಸೇರುತ್ತದೆ. ಯುದ್ಧ ಬೇಡ ಎನ್ನುವ ಸಂಪ್ರದಾಯಸ್ಥ ಅಜ್ಜ ನಿಮ್ಮ ಉಳಿದ ಏಳು ಬೇಡಿಕೆ ಓದಿ ಬಾಗಿಲು ಹಾಕಿಕೊಳ್ಳುತ್ತಾನೆ. ನಷ್ಟ ನಿಮಗೇ.

2. ಕ್ಯಾಲೆಂಡರ್ ಇಟ್ಟುಕೊಂಡು ಹಿಂದಕ್ಕೆ ಎಣಿಸಿ

ಯುದ್ಧದ ಬಗ್ಗೆ ತೀರ್ಮಾನ ತೆಗೆದುಕೊಳ್ಳುವವರು ಯಾರು, ಅವರು ಮತ ಕೇಳಲು ಬರುವುದು ಯಾವಾಗ? ಆ ದಿನದಿಂದ ಹಿಂದಕ್ಕೆ ಲೆಕ್ಕ ಹಾಕಿ. ಹೊಸ ಮತದಾರರ ಹೆಸರು ಸೇರಿಸಲು ಕೊನೆಯ ದಿನ, ನಾಮಪತ್ರದ ದಿನ, ಪಕ್ಷದೊಳಗೆ ಅಭ್ಯರ್ಥಿ ಆರಿಸುವ ದಿನ. ಮೂರನೆಯದನ್ನು ಜನ ಮರೆಯುತ್ತಾರೆ. ಅಲ್ಲಿ ಮತ ಹಾಕುವವರು ಕಡಿಮೆ, ಆದ್ದರಿಂದ ನಿಮ್ಮ ಸಣ್ಣ ಗುಂಪಿನ ಕೈಗೆ ಬಲ ಜಾಸ್ತಿ.

ಆದರೆ ಎಚ್ಚರ. ಪಕ್ಷದೊಳಗಿನ ಮತದಾರರು ಬೇರೆ, ಇಡೀ ಕ್ಷೇತ್ರದ ಮತದಾರರು ಬೇರೆ. 2006ರ ಆಗಸ್ಟ್‌ನಲ್ಲಿ ಕನೆಕ್ಟಿಕಟ್‌ನ ಡೆಮಾಕ್ರಟಿಕ್ ಪ್ರೈಮರಿಯಲ್ಲಿ ಇರಾಕ್ ಯುದ್ಧ ವಿರೋಧಿ ನೆಡ್ ಲಾಮಾಂಟ್, ಯುದ್ಧದ ಬೆಂಬಲಿಗ ಸೆನೆಟರ್ ಜೋ ಲೀಬರ್ಮನ್ ಅವರನ್ನು ಸೋಲಿಸಿದರು. ಕಾರ್ಯಕರ್ತರು ಕುಣಿದಾಡಿದರು. ಲೀಬರ್ಮನ್ ಪಕ್ಷೇತರರಾಗಿ ನಿಂತು ನವೆಂಬರ್‌ನಲ್ಲಿ ಆರಾಮವಾಗಿ ಗೆದ್ದರು. ಮೊದಲ ಸುತ್ತಿನಲ್ಲಿ ಬಳಸಿದ ಮಾತುಗಳೇ ಎರಡನೇ ಸುತ್ತಿಗೂ ಸಾಕು ಎಂದುಕೊಳ್ಳಬೇಡಿ.

3. ಯಾರ ಮನೆಗೆ ಹೋಗಬೇಕು ಎಂದು ತೀರ್ಮಾನಿಸಿ

ಮತದಾರರನ್ನು 1ರಿಂದ 5ರವರೆಗೆ ಗುರುತು ಮಾಡುವುದು ಹಳೆಯ ಪದ್ಧತಿ. 1 ಎಂದರೆ ಪೂರ್ತಿ ನಿಮ್ಮ ಕಡೆ. 5 ಎಂದರೆ ಪೂರ್ತಿ ವಿರುದ್ಧ. ಮೊದಲ ಭೇಟಿಯಲ್ಲಿ ಹೆಸರಿನ ಮುಂದೆ ಅಂಕ ಬರೆಯಿರಿ.

5ನೇ ಅಂಕದವರ ಜೊತೆ ವಾದ ಮಾಡಲು ಮಜಾ ಬರುತ್ತದೆ, ಒಪ್ಪುತ್ತೇನೆ. ಮಾಡಬೇಡಿ. 1ನೇ ಅಂಕದವರನ್ನು ಗುಂಪಿಗೆ ಸೇರಿಸಿಕೊಳ್ಳಿ, ಅವರ ಮನೆಯಲ್ಲಿ ಕೂತು ಗಂಟೆಗಟ್ಟಲೆ ಹರಟಬೇಡಿ. ನಿಮ್ಮ ಸಮಯವೆಲ್ಲ 2, 3, 4ಕ್ಕೆ. ಅದರಲ್ಲೂ 3ಕ್ಕೆ. "ನನಗೆ ಗೊತ್ತಿಲ್ಲಪ್ಪ" ಎನ್ನುವವರಲ್ಲಿ ಬಹಳ ಜನರಿಗೆ ಗೊತ್ತಿರುತ್ತದೆ. ಹೇಳಲು ಹೆದರಿಕೆ ಅಷ್ಟೇ.

4. ಹೇಳುವವರು ಯಾರು ಎಂಬುದೇ ಅರ್ಧ ಕೆಲಸ

ಒಂದೇ ಮಾತನ್ನು ಕಾಲೇಜು ಹುಡುಗ ಹೇಳಿದರೆ "ದೇಶದ್ರೋಹಿ" ಎನಿಸಿಕೊಳ್ಳುತ್ತಾನೆ. ಸೈನಿಕನ ತಾಯಿ ಹೇಳಿದರೆ ಜನ ಸುಮ್ಮನಾಗಿ ಕೇಳುತ್ತಾರೆ. ಇದು ನ್ಯಾಯವಲ್ಲ, ಆದರೆ ಇರುವುದೇ ಹೀಗೆ.

ಇಸ್ರೇಲ್‌ನ 'ನಾಲ್ವರು ತಾಯಂದಿರು' ಚಳವಳಿ ಇದಕ್ಕೆ ಒಳ್ಳೆಯ ಪಾಠ. 1997ರ ಫೆಬ್ರವರಿ 4ರಂದು ಲೆಬನಾನ್‌ಗೆ ಸೈನಿಕರನ್ನು ಒಯ್ಯುತ್ತಿದ್ದ ಎರಡು ಹೆಲಿಕಾಪ್ಟರ್‌ಗಳು ಡಿಕ್ಕಿ ಹೊಡೆದು 73 ಜನ ಸತ್ತರು. ಆಮೇಲೆ ಉತ್ತರ ಇಸ್ರೇಲ್‌ನ ಕೆಲವು ತಾಯಂದಿರು ಸೇರಿದರು. ಅವರ ಮಕ್ಕಳು ಲೆಬನಾನ್‌ನಲ್ಲಿ ಕೆಲಸ ಮಾಡುತ್ತಿದ್ದ ಸೈನಿಕರು. ದಕ್ಷಿಣ ಲೆಬನಾನ್‌ನಿಂದ ಸೈನ್ಯ ವಾಪಸ್ ಬರಲಿ ಎಂಬುದೊಂದೇ ಅವರ ಬೇಡಿಕೆ. ರಸ್ತೆ ಕೂಡುವ ಕಡೆ ನಿಂತರು, ಹೋಗಿ ಬರುವವರ ಜೊತೆ ಮಾತಾಡಿದರು, ಮಂತ್ರಿಗಳನ್ನು ಕಂಡರು. ಹೆಂಗಸರಿಗೆ ಭದ್ರತೆಯ ವಿಷಯ ಏನು ತಿಳಿಯುತ್ತದೆ ಎಂಬ ಮೂದಲಿಕೆಯನ್ನೂ ಕೇಳಿದರು. 1999ರ ಚುನಾವಣೆ ಹೊತ್ತಿಗೆ ಪ್ರಧಾನಿ ಹುದ್ದೆಗೆ ನಿಂತಿದ್ದ ಎಹೂದ್ ಬರಾಕ್, ವರ್ಷದೊಳಗೆ ಸೈನ್ಯ ಕರೆಸುತ್ತೇನೆ ಎಂಬ ಭರವಸೆ ಕೊಟ್ಟು ಗೆದ್ದರು. 2000ದ ಮೇ ತಿಂಗಳಲ್ಲಿ ಸೈನ್ಯ ವಾಪಸ್ ಬಂತು. ಈ ತಾಯಂದಿರಿಂದ ಮಾತ್ರವೇ ಆಯಿತು ಎನ್ನಲಾಗದು. ಆದರೆ ಮಾತೇ ಆಡಬಾರದಾಗಿದ್ದ ವಿಷಯವನ್ನು ಊಟದ ಮನೆಗೆ ತಂದವರು ಅವರು.

ವಿಯೆಟ್ನಾಂನಿಂದ ಮರಳಿದ ಸೈನಿಕರು 1967ರಲ್ಲಿ ತಮ್ಮದೇ ಯುದ್ಧ ವಿರೋಧಿ ಸಂಘ ಕಟ್ಟಿದರು. ಇರಾಕ್ ವಿಷಯದಲ್ಲಿ 2005ರ ನವೆಂಬರ್‌ನಲ್ಲಿ ಮರೀನ್ ಪಡೆಯಲ್ಲಿ ದುಡಿದಿದ್ದ ಸಂಸದ ಜಾನ್ ಮರ್ಥಾ ಸೈನ್ಯ ವಾಪಸ್ ಕರೆಸಿ ಎಂದಾಗ ಚರ್ಚೆಯ ದಿಕ್ಕೇ ಬದಲಾಯಿತು. ಅಲ್ಲಿಯವರೆಗೆ ಅವರು ಸೈನ್ಯದ ಪರ ಎಂದೇ ಹೆಸರಾಗಿದ್ದವರು.

ನಿಮ್ಮಲ್ಲಿ ಅಂಥವರು ಇಲ್ಲವೇ? ಹುಡುಕಿ. ಆದರೆ ಮಗನನ್ನು ಕಳೆದುಕೊಂಡವರ ಮನೆಗೆ "ವೇದಿಕೆ ಮೇಲೆ ಬನ್ನಿ" ಎಂದು ಕೇಳಿಕೊಂಡು ಹೋಗಬೇಡಿ. ಅದು ಗಾಯದ ಮೇಲೆ ಬರೆ. ಅವರಾಗಿ ಬಂದರೆ ಜಾಗ ಕೊಡಿ, ಮಾತನ್ನು ನೀವು ಬರೆದು ಕೊಡಬೇಡಿ.

ವೇಷದ ಬಗ್ಗೆಯೂ ಒಂದು ಮಾತು. 1968ರಲ್ಲಿ ಮೆಕಾರ್ಥಿ ಪರ ಮನೆ ಮನೆಗೆ ಹೊರಟ ವಿದ್ಯಾರ್ಥಿಗಳು ಉದ್ದ ಕೂದಲು ಕತ್ತರಿಸಿ, ಗಡ್ಡ ಬೋಳಿಸಿ ಹೋದರು. ಬಾಗಿಲು ತೆಗೆಯುವವರಿಗೆ ನೀವು ಪಕ್ಕದ ಮನೆಯವರ ಥರ ಕಾಣಬೇಕು.

5. ಬಾಗಿಲಲ್ಲಿ ಮಾತಾಡುವುದು

ಈ ಹಂತಕ್ಕೆ ಜಾಸ್ತಿ ಸಮಯ ಕೊಡಿ. ಉಳಿದದ್ದರಲ್ಲಿ ಎಡವಿದರೂ ಇದರಲ್ಲಿ ಎಡವಬೇಡಿ.

ಸಾಮಾನ್ಯ ಪ್ರಚಾರದಲ್ಲಿ ಕಾರ್ಯಕರ್ತ ಕರಪತ್ರ ಕೊಟ್ಟು ಅರ್ಧ ನಿಮಿಷ ಮಾತಾಡಿ ಮುಂದಿನ ಮನೆಗೆ ಹೋಗುತ್ತಾನೆ. ಇನ್ನೊಂದು ವಿಧಾನ ಇದೆ: ಹತ್ತು ಹದಿನೈದು ನಿಮಿಷ ನಿಂತು, ಪ್ರಶ್ನೆ ಕೇಳಿ, ಅವರ ಅನುಭವ ಕೇಳಿಸಿಕೊಂಡು, ತನ್ನದನ್ನೂ ಹೇಳುವುದು. ಇದನ್ನು ಆಳದ ಪ್ರಚಾರ ಅನ್ನೋಣ. ಸಂಶೋಧಕರಾದ ಡೇವಿಡ್ ಬ್ರೂಕ್‌ಮನ್ ಮತ್ತು ಜೋಶುವಾ ಕಲ್ಲಾ 2016ರಲ್ಲಿ ಪ್ರಕಟಿಸಿದ, ಅಮೆರಿಕದ ಮಯಾಮಿಯಲ್ಲಿ ನಡೆದ ಪ್ರಯೋಗದಲ್ಲಿ, ಸುಮಾರು ಹತ್ತು ನಿಮಿಷದ ಇಂಥ ಮಾತಿನ ಪರಿಣಾಮ ಮೂರು ತಿಂಗಳಾದರೂ ಉಳಿದಿತ್ತು. ಅಲ್ಲಿನ ವಿಷಯ ಲಿಂಗ ಅಲ್ಪಸಂಖ್ಯಾತರ ಬಗೆಗಿನ ಪೂರ್ವಗ್ರಹ, ಯುದ್ಧ ಅಲ್ಲ. ಆದರೂ ವಿಧಾನ ಕಲಿಯುವಂಥದ್ದು.

ಮಾತು ಹೇಗೆ ಸಾಗಬಹುದು ಎಂಬುದಕ್ಕೆ ಒಂದು ಮಾದರಿ:

"ನಮಸ್ಕಾರ ಅಮ್ಮಾ. ನಾವು ಹಿಂದಿನ ಬೀದಿಯವರು. ಯುದ್ಧದ ಬಗ್ಗೆ ಜನರಿಗೆ ಏನನಿಸುತ್ತಿದೆ ಅಂತ ಕೇಳ್ಕೊಂಡು ಬರ್ತಿದ್ದೀವಿ. ಮುಂದುವರಿಯಲೇಬೇಕು ಅಂದ್ರೆ ಹತ್ತು, ಈಗಲೇ ನಿಲ್ಲಬೇಕು ಅಂದ್ರೆ ಸೊನ್ನೆ. ನೀವು ಎಷ್ಟು ಕೊಡ್ತೀರಾ?"

"ನಮಗೇನು ಗೊತ್ತಾಗುತ್ತಪ್ಪಾ. ಶುರು ಮಾಡಿದ ಮೇಲೆ ಮುಗಿಸಬೇಕಲ್ವಾ? ಏಳು ಅಂತ ಬರ್ಕೊಳ್ಳಿ."

"ಏಳು. ಹತ್ತು ಯಾಕೆ ಅಲ್ಲ ಅಮ್ಮಾ?"

"ನನ್ನ ತಂಗಿ ಮಗ ಅಲ್ಲೇ ಇದ್ದಾನೆ. ಮೂರನೇ ಸಲ ಕಳಿಸಿದ್ದಾರೆ."

"ಫೋನಿಗೆ ಸಿಗ್ತಾರಾ?"

"ಸಿಗ್ತಾನೆ. ಅಲ್ಲಿಂದು ಏನೂ ಹೇಳಲ್ಲ. ಊಟ ಆಯ್ತಾ ಅಂತ ನನ್ನನ್ನೇ ಕೇಳ್ತಾನೆ."

ಇಲ್ಲಿ ನಿಲ್ಲಿ. ಹೊಸ ಕಾರ್ಯಕರ್ತರು ಕೆಡಿಸುವುದು ಇಲ್ಲೇ. "ನೋಡಿದ್ರಾ, ಅದಕ್ಕೇ ಯುದ್ಧ ನಿಲ್ಲಬೇಕು!" ಎಂದು ಬಾಯಿ ಹಾಕುತ್ತಾರೆ. ಆ ಕ್ಷಣಕ್ಕೆ ಆಕೆಗೆ ತನ್ನ ತಂಗಿಯ ಮಗನನ್ನು ನೀವು ದಾಳವಾಗಿ ಬಳಸಿದಿರಿ ಅನಿಸುತ್ತದೆ. ಸುಮ್ಮನಿರಿ. ಮೂರು ನಾಲ್ಕು ಉಸಿರಿನಷ್ಟು ಹೊತ್ತು. ನಿಮ್ಮ ಮನೆಯಲ್ಲೂ ಯಾರಾದರೂ ದೂರದಲ್ಲಿ ಅಪಾಯದಲ್ಲಿದ್ದರೆ ಅದನ್ನು ಹೇಳಿ. ಇಲ್ಲದ್ದನ್ನು ಕಟ್ಟಿ ಹೇಳಬೇಡಿ. ಆಮೇಲೆ ಕೇಳಿ:

"ಅವರು ಮನೆಗೆ ಬರಬೇಕಾದರೆ ಏನಾಗಬೇಕು ಅನಿಸುತ್ತೆ ಅಮ್ಮಾ?"

"ಮಾತುಕತೆ ಮಾಡಿ ಮುಗಿಸಲಿ. ಆದ್ರೆ ಸೋತು ಬಂದ ಹಾಗೆ ಆಗಬಾರದು. ಇಷ್ಟು ಜನ ಸತ್ತಿದ್ದಾರೆ."

ಗಂಟು ಇರುವುದು ಈ ಕೊನೆಯ ಮಾತಿನಲ್ಲಿ. ನಿಲ್ಲಿಸಿದರೆ ಸತ್ತವರ ಸಾವು ವ್ಯರ್ಥವಾಗುತ್ತದೆ ಎಂಬ ಸಂಕಟ. ನಿಮ್ಮ ಪಟ್ಟಿಯಲ್ಲಿ 3, 4 ಎಂದು ಗುರುತಾದ ಹೆಚ್ಚಿನ ಮತದಾರರನ್ನು ಕಟ್ಟಿಹಾಕಿರುವುದು ಶತ್ರುವಿನ ಮೇಲಿನ ದ್ವೇಷಕ್ಕಿಂತ ಇದೇ. ಅಂಕಿಅಂಶದಿಂದ ಇದು ಬಿಚ್ಚುವುದಿಲ್ಲ. 1971ರ ಏಪ್ರಿಲ್ 22ರಂದು ಸೆನೆಟ್ ಸಮಿತಿಯ ಮುಂದೆ ವಿಯೆಟ್ನಾಂನಿಂದ ಮರಳಿದ್ದ ಯುವಕ ಜಾನ್ ಕೆರಿ ಇದೇ ಗಂಟನ್ನು ಇನ್ನೊಂದು ತುದಿಯಿಂದ ಹಿಡಿದರು: ಒಂದು ತಪ್ಪಿಗಾಗಿ ಸಾಯುವ ಕೊನೆಯವನಾಗು ಎಂದು ಯಾರನ್ನಾದರೂ ಹೇಗೆ ಕೇಳುವುದು? ಅವರ ಮಾತು ಜನರ ನೆನಪಿನಲ್ಲಿ ಉಳಿಯಲು ಕಾರಣ, ಅದು ಸತ್ತವರನ್ನು ಕೀಳು ಮಾಡಲಿಲ್ಲ. ಇನ್ನು ಸಾಯಲಿರುವವರ ಕಡೆ ನೋಡಿತು. ನೀವೂ ಅದನ್ನೇ ಮಾಡಿ. "ಹೋದವರ ಬಗ್ಗೆ ನನಗೂ ಗೌರವ ಇದೆ. ಅಲ್ಲಿ ಈಗ ಇರುವವರ ಬಗ್ಗೆ ಯೋಚನೆ ಮಾಡ್ತಿದ್ದೀನಿ" ಎಂದರೆ ಸಾಕು.

ಹೊರಡುವ ಮೊದಲು ಮತ್ತೆ ಅಂಕ ಕೇಳಿ. ಏಳು ಇದ್ದದ್ದು ಐದಾದರೆ ಅದು ದೊಡ್ಡದು. ಏಳೇ ಉಳಿದರೂ ಪರವಾಗಿಲ್ಲ, ಎರಡು ವಾರ ಬಿಟ್ಟು ಮತ್ತೆ ಹೋಗಿ. ಸಂಜೆ ಎರಡು ಗಂಟೆಯಲ್ಲಿ ಐದಾರು ಮನೆಯಲ್ಲಿ ನಿಜವಾದ ಮಾತು ನಡೆದರೆ ಒಳ್ಳೆಯ ದಿನವೇ. ಅರ್ಧದಷ್ಟು ಬಾಗಿಲು ತೆಗೆಯುವುದೇ ಇಲ್ಲ.

ಇಬ್ಬಿಬ್ಬರೇ ಹೋಗಿ. ಒಬ್ಬರು ಮಾತಾಡಲಿ, ಇನ್ನೊಬ್ಬರು ಸುಮ್ನೆ ಇರಲಿ. ಇಬ್ಬರೂ ಮಾತಾಡಿದರೆ ಮನೆಯವರಿಗೆ ವಿಚಾರಣೆಗೆ ಬಂದಂತೆ ಅನಿಸುತ್ತದೆ. ಯಾರಾದರೂ ಕೂಗಾಡಿದರೆ "ಆಯ್ತು, ಬರ್ತೀವಿ" ಎಂದು ಹೊರಡಿ. ಯುದ್ಧದ ಕಾಲದಲ್ಲಿ ಸಿಟ್ಟು ಕೈಗೆ ಬರಲು ಹೆಚ್ಚು ಹೊತ್ತು ಬೇಡ.

6. ಸುದ್ದಿಯನ್ನು ಸೋಸಿ

ಯುದ್ಧದ ಬಗ್ಗೆ ಫೋನಿಗೆ ಬರುವ ಚಿತ್ರ, ವಿಡಿಯೋಗಳಲ್ಲಿ ಹಳೆಯವು, ಬೇರೆ ದೇಶದವು ಬಹಳ ಇರುತ್ತವೆ. ನಿಮಗೆ ಅನುಕೂಲವಾದ ಸುದ್ದಿಯನ್ನೇ ಹೆಚ್ಚು ಅನುಮಾನದಿಂದ ನೋಡಿ. ಒಂದು ಸುಳ್ಳು ಚಿತ್ರ ಹಂಚಿ ಸಿಕ್ಕಿಬಿದ್ದರೆ ಆ ಬೀದಿಯಲ್ಲಿ ನಿಮ್ಮ ಮಾತು ಮತ್ತೆ ನಡೆಯುವುದಿಲ್ಲ. ಅಡಿಕೆಗೆ ಹೋದ ಮಾನ ಆನೆ ಕೊಟ್ಟರೂ ಬಾರದು. ಸರ್ಕಾರವೇ ಒಪ್ಪಿಕೊಂಡ ಅಂಕಿಗಳನ್ನು ಬಳಸಿ: ಸತ್ತವರೆಷ್ಟು, ಖರ್ಚೆಷ್ಟು, ಮೊದಲು ಹೇಳಿದ ಗಡುವು ಯಾವುದು, ಅದು ಎಷ್ಟು ಸಲ ಮುಂದೆ ಹೋಯಿತು. ಸಾಮಾನ್ಯವಾಗಿ ಅಷ್ಟೇ ಸಾಕಾಗುತ್ತದೆ.

7. ಮೆರವಣಿಗೆ ಮಾಡಬೇಕೇ?

ಮಾಡಿ, ಆದರೆ ಅದೇ ಕೆಲಸ ಅಂದುಕೊಳ್ಳಬೇಡಿ. 2003ರ ಫೆಬ್ರವರಿ 15ರಂದು ಇರಾಕ್ ಯುದ್ಧದ ವಿರುದ್ಧ ಜಗತ್ತಿನ ನೂರಾರು ನಗರಗಳಲ್ಲಿ ಲಕ್ಷಾಂತರ ಜನ ಬೀದಿಗಿಳಿದರು. ಲಂಡನ್, ರೋಮ್‌ಗಳಲ್ಲಿ ಕಂಡು ಕೇಳರಿಯದ ಜನಸಾಗರ. ಮಾರ್ಚ್ 20ಕ್ಕೆ ಯುದ್ಧ ಶುರುವಾಗಿಯೇ ಹೋಯಿತು.

1969ರ ಅಕ್ಟೋಬರ್ 15ರ ವಿಯೆಟ್ನಾಂ ಮೊರಟೋರಿಯಂ ಬೇರೆ ಥರ. ಮೊರಟೋರಿಯಂ ಎಂದರೆ ದಿನದ ಕೆಲಸಕ್ಕೆ ತಡೆ. ಎಲ್ಲರೂ ರಾಜಧಾನಿಗೆ ಬನ್ನಿ ಎನ್ನದೆ, ನಿಮ್ಮ ನಿಮ್ಮ ಊರಲ್ಲೇ ಒಂದು ದಿನ ಕೆಲಸ ನಿಲ್ಲಿಸಿ, ಸಭೆ ಮಾಡಿ, ಸತ್ತವರ ಹೆಸರು ಓದಿ ಎಂದರು. ಅದುವರೆಗೆ ಪ್ರತಿಭಟನೆಗೆ ಕಾಲಿಡದಿದ್ದ ಮಧ್ಯಮ ವರ್ಗದವರೂ ಬಂದರು. ನಿಮ್ಮ ಗುಂಪು ಸಣ್ಣದಾದರೆ ಇದೇ ದಾರಿ ಹಿಡಿಯಿರಿ. ಬಂದವರ ಹೆಸರು, ಬೀದಿ ಬರೆದುಕೊಳ್ಳದೆ ಒಂದು ಸಭೆಯನ್ನೂ ಮುಗಿಸಬೇಡಿ. ಮುಖ ಮುಚ್ಚಿಕೊಂಡು ಕಲ್ಲು ಹಿಡಿದು ಬರುವವರನ್ನು ಮೊದಲೇ ದೂರ ಇಡಿ. ಮರುದಿನ ಪತ್ರಿಕೆಯಲ್ಲಿ ಬರುವುದು ಅವರ ಫೋಟೋ ಮಾತ್ರ.

8. ಸ್ಥಳೀಯ ಸಭೆಯಲ್ಲಿ ನಿರ್ಣಯ

ಇದು ಸಣ್ಣ ಕೆಲಸ, ಆದರೆ ಉಪಯೋಗ ಇದೆ. 2005ರ ಮಾರ್ಚ್‌ನಲ್ಲಿ ಅಮೆರಿಕದ ವರ್ಮಾಂಟ್ ರಾಜ್ಯದ ಹತ್ತಾರು ಊರುಗಳ ವಾರ್ಷಿಕ ಸಭೆಗಳಲ್ಲಿ ಇರಾಕ್ ಯುದ್ಧದ ಬಗ್ಗೆ ನಿರ್ಣಯ ಬಂತು. ಅವರು ಹಿಡಿದ ಎಳೆ ಗಮನಿಸಿ: ನಮ್ಮ ರಾಜ್ಯದ ನ್ಯಾಷನಲ್ ಗಾರ್ಡ್ ಹುಡುಗರನ್ನು ಅಷ್ಟು ದೂರ ಕಳಿಸಿದರೆ ಇಲ್ಲಿ ನೆರೆ, ಬೆಂಕಿ ಬಂದಾಗ ಯಾರು? ನ್ಯಾಷನಲ್ ಗಾರ್ಡ್ ಎಂದರೆ ಬೇರೆ ಉದ್ಯೋಗ ಮಾಡಿಕೊಂಡು, ಕರೆದಾಗ ಬರುವ ಮೀಸಲು ಪಡೆ. ದೂರದ ಯುದ್ಧ ಹೀಗೆ ಊರಿನ ವಿಷಯವಾಯಿತು. ಸೋಲುವ ಲಕ್ಷಣ ಕಂಡರೆ ನಿರ್ಣಯ ಮಂಡಿಸುವುದನ್ನು ಮುಂದೂಡಿ. ಬಿದ್ದುಹೋದ ನಿರ್ಣಯವನ್ನು ಎದುರಾಳಿ ವರ್ಷಗಟ್ಟಲೆ ಬಳಸುತ್ತಾನೆ.

9. ಮತದಾನದ ದಿನ

ಬದಲಾದ ಮನಸ್ಸು ಮತಗಟ್ಟೆಗೆ ಬರದಿದ್ದರೆ ಲೆಕ್ಕಕ್ಕಿಲ್ಲ. ಅಮೆರಿಕದ ಯೇಲ್ ವಿಶ್ವವಿದ್ಯಾಲಯದ ಅಲನ್ ಗರ್ಬರ್ ಮತ್ತು ಡೊನಾಲ್ಡ್ ಗ್ರೀನ್ 1998ರಲ್ಲಿ ನ್ಯೂ ಹೇವನ್ ನಗರದಲ್ಲಿ ಒಂದು ಪ್ರಯೋಗ ಮಾಡಿದರು. ಕೆಲವರ ಮನೆಗೆ ಹೋಗಿ ಮತದಾನ ಮಾಡಿ ಎಂದರು, ಕೆಲವರಿಗೆ ಅಂಚೆ ಕಳಿಸಿದರು, ಕೆಲವರಿಗೆ ಫೋನ್ ಮಾಡಿಸಿದರು. ಎದುರು ನಿಂತು ಹೇಳಿದ್ದರಿಂದ ಮತದಾನ ಚೆನ್ನಾಗಿ ಏರಿತು. ಅಂಚೆಯಿಂದ ಅಲ್ಪಸ್ವಲ್ಪ. ಕೂಲಿ ಕೊಟ್ಟು ಮಾಡಿಸಿದ ಫೋನ್ ಕರೆಗಳಿಂದ ಏನೂ ಆಗಲಿಲ್ಲ.

ಹಾಗಾಗಿ ಕೊನೆಯ ವಾರ ಹೊಸ ಮನೆ ಹುಡುಕಬೇಡಿ. ಪಟ್ಟಿಯಲ್ಲಿ 1, 2 ಎಂದು ಗುರುತಾದವರ ಮನೆಗೆ ಮಾತ್ರ ಹೋಗಿ. "ಎಷ್ಟು ಗಂಟೆಗೆ ಹೋಗ್ತೀರಾ? ಯಾರ ಜೊತೆ?" ಎಂದು ಕೇಳಿ, ಅವರ ಬಾಯಿಂದಲೇ ಸಮಯ ಹೇಳಿಸಿ. ಮತಗಟ್ಟೆಯಿಂದ ಎಷ್ಟು ದೂರ ನಿಂತು ಮಾತಾಡಬಹುದು, ವಾಹನದ ವ್ಯವಸ್ಥೆ ಮಾಡಬಹುದೇ ಎಂಬುದು ಆ ವಕೀಲರ ಹಾಳೆಯಲ್ಲಿರಲಿ.

10. ಗೆದ್ದ ಮೇಲೆ ಮನೆಗೆ ಹೋಗಬೇಡಿ

2006ರ ನವೆಂಬರ್ 7ರಂದು ಇರಾಕ್ ಯುದ್ಧದಿಂದ ಬೇಸತ್ತ ಮತದಾರರು ಅಮೆರಿಕದ ಸಂಸತ್ತಿನ ಎರಡೂ ಸದನಗಳನ್ನು ಡೆಮಾಕ್ರಟಿಕ್ ಪಕ್ಷಕ್ಕೆ ಕೊಟ್ಟರು. ಮರುದಿನವೇ ರಕ್ಷಣಾ ಸಚಿವ ರಮ್ಸ್‌ಫೆಲ್ಡ್ ಹೋಗುವ ಸುದ್ದಿ ಬಂತು. ಕಾರ್ಯಕರ್ತರು ಕೆಲಸ ಮುಗಿಯಿತು ಎಂದುಕೊಂಡರು. 2007ರ ಜನವರಿ 10ರಂದು ಅಧ್ಯಕ್ಷ ಬುಷ್ ಇನ್ನೂ 20,000ಕ್ಕೂ ಹೆಚ್ಚು ಸೈನಿಕರನ್ನು ಕಳಿಸುವುದಾಗಿ ಹೇಳಿದರು, ಕಳಿಸಿಯೂಬಿಟ್ಟರು.

ಯುದ್ಧದ ಕುತ್ತಿಗೆ ಇರುವುದು ಹಣದಲ್ಲಿ. ವಿಯೆಟ್ನಾಂ ವಿಷಯದಲ್ಲಿ 1973ರ ಜೂನ್‌ನಲ್ಲಿ ಸಂಸತ್ತು ಒಪ್ಪಿದ ಕೇಸ್-ಚರ್ಚ್ ತಿದ್ದುಪಡಿ, ಆಗಸ್ಟ್ 15ರ ನಂತರ ವಿಯೆಟ್ನಾಂ, ಲಾವೋಸ್, ಕಾಂಬೋಡಿಯಾಗಳಲ್ಲಿ ಅಮೆರಿಕದ ಸೈನಿಕ ಕಾರ್ಯಾಚರಣೆಗೆ ಬಾಗಿಲು ಹಾಕಿತು. ನಿಮ್ಮ ಪ್ರತಿನಿಧಿ ಗೆದ್ದ ವಾರದಲ್ಲೇ ಮುಂದಿನ ಯುದ್ಧ ಖರ್ಚಿನ ಮಸೂದೆ ಯಾವಾಗ ಬರುತ್ತದೆ ಎಂದು ಕೇಳಿ ಬರೆದುಕೊಳ್ಳಿ. ಅದಕ್ಕೆ ಎರಡು ವಾರ ಮೊದಲು ಬೀದಿಯ ಹತ್ತಿಪ್ಪತ್ತು ಜನರನ್ನು ಕರೆದುಕೊಂಡು ಅವರ ಕಚೇರಿಗೆ ಹೋಗಿ. ಸೋತಿದ್ದರೂ ಹೋಗಿ. ಗೆದ್ದವರಿಗೂ ಮುಂದಿನ ಚುನಾವಣೆ ಇದೆಯಲ್ಲ.

ಇನ್ನು ಆ ಪಟ್ಟಿಗಳು. ಯಾರು ಯುದ್ಧದ ಪರ, ಯಾರು ವಿರೋಧ, ಯಾರ ಮಗ ಎಲ್ಲಿದ್ದಾನೆ ಎಂಬುದೆಲ್ಲ ನಿಮ್ಮ ನೋಟ್ ಪುಸ್ತಕದಲ್ಲಿದೆ. ಬೇರೆಯವರ ಕೈಗೆ ಸಿಕ್ಕರೆ ಆ ಮನೆಯವರಿಗೆ ತೊಂದರೆ. ಒಬ್ಬರ ಹತ್ತಿರ ಮಾತ್ರ ಇರಲಿ, ಫೋನಿನಲ್ಲಿ ಫೋಟೋ ತೆಗೆದು ಗುಂಪಿಗೆ ಹಾಕಬೇಡಿ. ಮುಂದಿನ ಸುತ್ತಿಗೆ ಬೇಕಾದ ಹೆಸರು ಮತ್ತು ಅಂಕ ಬಿಟ್ಟು, ಮನೆಯವರು ನಂಬಿ ಹೇಳಿದ ಉಳಿದದ್ದನ್ನೆಲ್ಲ ಫಲಿತಾಂಶ ಬಂದ ವಾರವೇ ಹರಿದುಹಾಕಿ.